ಮೇನ್ ಸ್ವಿಚ್ಚಿನ ಮೇಲಿನ ಕುಂಕುಮ

ಸರ್ ತೀರಿಕೊಂಡ ದಿನ ಆಸ್ಪತ್ರೆಯವರು ಅಕ್ಕನ ಕೈಗೆ ಒಂದು ಪುಟ್ಟ ಪ್ಲಾಸ್ಟಿಕ್ ಕವರ್ ಕೊಟ್ಟರು. ಅದರಲ್ಲಿ ಅವರ ಎದೆಯಿಂದ ತೆಗೆದ ಪೇಸ್‌ಮೇಕರ್ ಇತ್ತು. ವಿದ್ಯುತ್ ಚಿತಾಗಾರಕ್ಕೆ ಒಯ್ಯುವ ಮುಂಚೆ ಅದನ್ನು ತೆಗೆಯಲೇಬೇಕಂತೆ, ಇಲ್ಲದಿದ್ದರೆ ಶಾಖಕ್ಕೆ ಸಿಡಿಯುತ್ತದಂತೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು, ಬೂದುಬಣ್ಣದ ಲೋಹ, ಅಂಚೆಲ್ಲ ನುಣುಪು. ಕವರ್ ತಂದುಕೊಟ್ಟ ನರ್ಸು ಏನಾದರೂ ಒಳ್ಳೆಯ ಮಾತು ಹೇಳಬೇಕೆಂದುಕೊಂಡು, “ಇದು ಇನ್ನೂ ಚೆನ್ನಾಗಿ ಕೆಲಸ ಮಾಡ್ತಿದೆ ಅಮ್ಮ” ಅಂದಳು.

ಆ ಒಂದು ಮಾತು ಅಕ್ಕನ ನಿದ್ದೆ ಕೆಡಿಸಿತು.

ಅಕ್ಕ ಅಂದರೆ ಸರ್ ಅವರ ಹೆಂಡತಿ. ಚಾಮರಾಜಪೇಟೆಯಲ್ಲಿ ನಮ್ಮ ಮನೆ ಬಿಟ್ಟು ಮುಂದಿನ ಅಡ್ಡರಸ್ತೆಯಲ್ಲಿ, ಮೊದಲನೇ ಮಹಡಿಯಲ್ಲಿ ಅವರ ಮನೆ. ಮಕ್ಕಳಿಲ್ಲ. ನಾನು ಮಲ್ಲೇಶ್ವರದ ಕಡೆ ಇದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಟೈಪಿಸ್ಟ್ ಆಗಿ ಸೇರಿ, ಅಲ್ಲೇ ನಿವೃತ್ತಳಾದವಳು. ಸರ್ ಅಲ್ಲಿ ವಿಜ್ಞಾನಿ. ಅವರು ಬರೆದ ಪ್ರಬಂಧಗಳನ್ನೆಲ್ಲ ಬಹುಪಾಲು ನಾನೇ ಟೈಪ್ ಮಾಡಿದ್ದೇನೆ. ಸ್ವಂತ ವಾಕ್ಯ ಬರೆಯುತ್ತಿರುವುದು ಇದೇ ಮೊದಲು.

ಅವರು ಹೋದದ್ದು ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ್ದಾಗ. ಕಲಾಸಿಪಾಳ್ಯದಲ್ಲಿ ಬೆಳಗಿನ ವ್ಯಾಪಾರ ಮುಗಿಸಿ ಮಿಕ್ಕ ಸೊಪ್ಪನ್ನು ಗಾಡಿಯಲ್ಲಿ ತಳ್ಳಿಕೊಂಡು ನಮ್ಮ ಬೀದಿಗಳಿಗೆ ಬರುವ ಒಬ್ಬಾಕೆ ಇದ್ದಾಳೆ. ಆಕೆ ಕೂಗಿದಳು ಅಂತ ಅಕ್ಕ ಕೆಳಗಿಳಿದರು. ದಂಟು ಬೇಡ, ಮೆಂತ್ಯ ಕೊಡು, ಇದೇನು ಕಟ್ಟು ಇಷ್ಟು ಸಣ್ಣ ಮಾಡಿದೀಯ ಅಂತ ಎಂದಿನ ಹಾಗೆ ಮಾತಾಡಿ, ಸೊಪ್ಪು ತಂದು ಅಡುಗೆಮನೆಯಲ್ಲಿ ಕೂತು ಬಿಡಿಸಿದ್ದಾರೆ. ಕಾಫಿಗೆ ಎಬ್ಬಿಸಲು ಹೋದಾಗ ಅವರು ಇರಲಿಲ್ಲ. ಆಸ್ಪತ್ರೆಗೆ ಒಯ್ದದ್ದು ಹೆಸರಿಗಷ್ಟೆ.

ಅಲ್ಲಿಂದಾಚೆ ಅಕ್ಕನಿಗೆ ಒಂದೇ ಕೊರಗು. ತಾನು ಕೆಳಗೆ ಸೊಪ್ಪಿನ ಗಾಡಿ ಹತ್ತಿರ ನಿಂತಿದ್ದಾಗ ಅವರು ಕರೆದರೇನೋ ಅನ್ನುವುದು. ಈ ಕೊರಗಿಗೆ ನರ್ಸಿನ ಮಾತು ಬೇರೆ ಸೇರಿಕೊಂಡಿತು. ಪೇಸ್‌ಮೇಕರನ್ನು ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು ಬೀರುವಿನಲ್ಲಿಟ್ಟಿದ್ದರು. ಆಗಾಗ ತೆಗೆದು ಕಿವಿಗಿಟ್ಟುಕೊಳ್ಳುತ್ತಿದ್ದರು. ಅದರಿಂದ ಸದ್ದು ಬರುವುದಿಲ್ಲ ಅಂತ ಅವರಿಗೂ ಗೊತ್ತು.

“ಯಾರಿಗೆ ಕೆಲಸ ಮಾಡ್ತಿದೆ ಪಾರ್ವತಿ ಇದು?” ಅಂತ ಒಂದು ದಿನ ಕೇಳಿದರು. “ಕರೀತಾನೇ ಇದೆ. ಓ ಅನ್ನೋರು ಯಾರೂ ಇಲ್ಲ.”

ಮಧ್ಯಾಹ್ನ ಮಲಗುವುದನ್ನು ಬಿಟ್ಟುಬಿಟ್ಟರು. ಸೊಪ್ಪಿನಾಕೆಯ ಕೂಗು ಬೀದಿಯ ಆ ತುದಿಯಲ್ಲಿ ಕೇಳಿಸಿದರೆ ಸಾಕು, ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರು. ಆಕೆ ದಾಟಿ ಹೋದ ಮೇಲೂ ತೆರೆಯುತ್ತಿರಲಿಲ್ಲ. ನಾನು ಹತ್ತಿರ ಕೂತಿರುತ್ತಿದ್ದೆ. ಅವರು ಕರೆದಿರಲಿಕ್ಕಿಲ್ಲ ಅಕ್ಕ, ನಿದ್ದೆಯಲ್ಲೇ ಹೋಗಿದ್ದಾರೆ ಅಂತ ಹೇಳಬಹುದಿತ್ತು. ಸಾವಿನ ಮನೆಗೆ ಬಂದವರೆಲ್ಲ ಹಾಗೆಯೇ ಹೇಳಿ ಹೋಗಿದ್ದರು. ನನಗೆ ಬಾಯಿ ಬರಲಿಲ್ಲ. ಅಷ್ಟು ವರ್ಷ ಸರ್ ಹತ್ತಿರ ಕೆಲಸ ಮಾಡಿದ ಫಲ ಅದು.

ಅವರದೊಂದು ಪ್ರಶ್ನೆ ಇತ್ತು. “ಕಂಡ್ರಾ, ಅಂದ್ಕೊಂಡ್ರಾ?” ಯಾರು ಏನೇ ಹೇಳಲಿ, ಇದನ್ನು ಕೇಳದೆ ಬಿಡುತ್ತಿರಲಿಲ್ಲ. ವಿದ್ಯಾರ್ಥಿಗಳು ಪ್ರಯೋಗದ ಫಲಿತಾಂಶ ತಂದರೂ ಇದೇ, ನಾನು ಅಂಚೆ ಇನ್ನೂ ಬಂದಿಲ್ಲ ಸರ್ ಅಂದರೂ ಇದೇ. ನಾನು ಮತ್ತೆ ಗೇಟಿನ ತನಕ ಹೋಗಿ ನೋಡಿಬರುತ್ತಿದ್ದೆ, ಬಂದೇ ಇರುತ್ತಿತ್ತು. ಮನೆಯಲ್ಲೂ ಬಿಟ್ಟವರಲ್ಲ. ಹಾಲಿನವನು ನೀರು ಬೆರೆಸ್ತಿದಾನೆ ಅಂತ ಅಕ್ಕ ಹೇಳಿದ್ದಕ್ಕೆ ಹಾಗೆ ಕೇಳಿ, ಮಾರನೇ ದಿನದಿಂದ ಹಾಲು ತರುವ ಕೆಲಸ ಅವರ ಪಾಲಿಗೇ ಬಂತು. “ಹೋಗಿ ಕಂಡ್ಕೊಂಡೇ ಬನ್ನಿ” ಅಂತ ಅಕ್ಕ ಪಾತ್ರೆ ಕೈಗೆ ಕೊಟ್ಟರಂತೆ.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಯೋಚನೆ ಮಾಡುವಾಗ ಮೇಜಿನ ಮೇಲೆ ತೋರುಬೆರಳಿನಿಂದ ಮೆಲ್ಲಗೆ ಬಡಿಯುತ್ತಿದ್ದರು, ಒಂದೇ ಲಯ. ಭಾನುವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹುಡುಕುವ ಚಟ. ಅಲ್ಲಿ ವಿಜ್ಞಾನದ ಪುಸ್ತಕ ಕೊಂಡದ್ದನ್ನು ನಾನು ಕಾಣೆ. ಲೇತ್ ಮಷೀನು, ಡ್ರಿಲ್ಲಿಂಗ್ ಮಷೀನುಗಳ ಹಳೆಯ ಕೈಪಿಡಿಗಳನ್ನು ತರುತ್ತಿದ್ದರು. ಅವರ ತಂದೆ ಕನಕಪುರದ ಕಡೆಯ ಹಳ್ಳಿಯಿಂದ ಬಂದು ಕಲಾಸಿಪಾಳ್ಯದಲ್ಲಿ ಬಸ್ಸು ಲಾರಿಗಳ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪ್ ನಡೆಸಿದವರು. ಮಗ ಓದಿ ದೊಡ್ಡವನಾದ, ವರ್ಕ್‌ಶಾಪ್ ಮುಚ್ಚಿತು. ಆದರೆ ಲ್ಯಾಬಿನಲ್ಲಿ ಯಾವುದಾದರೂ ಮಷೀನು ಕೆಟ್ಟರೆ ಇವರು ಕಂಪನಿಯವರಿಗೆ ಫೋನ್ ಮಾಡುವ ಮೊದಲು ತೋಳು ಮಡಚಿ ಸ್ಕ್ರೂ ಡ್ರೈವರ್ ಹಿಡಿದು ಕೂರುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ಒಂದು ಪ್ರಬಂಧ ಟೈಪ್ ಮಾಡಿ ಕೊಟ್ಟೆ. ಒಂದು ತಪ್ಪೂ ಇರಲಿಲ್ಲ. ಅರ್ಥ ಆಯ್ತಾ ಅಂತ ಕೇಳಿದರು. ಇಲ್ಲ ಸರ್, ನಾನು ಎಸ್ಸೆಸ್ಸೆಲ್ಸಿ, ಅಕ್ಷರ ನೋಡಿ ಹೊಡೀತೀನಿ ಅಂದೆ. ಅದಕ್ಕೇ ತಪ್ಪಿಲ್ಲ, ಅರ್ಥ ಆಗಿದ್ದಿದ್ದರೆ ಊಹೆ ಮಾಡಿ ತಪ್ಪು ಹೊಡೀತಿದ್ರಿ ಅಂತ ನಕ್ಕರು. ಆಮೇಲೆ ಎದುರಿನ ಕುರ್ಚಿಯಲ್ಲಿ ಕೂತು, ನೀವು ವಠಾರದಲ್ಲಿ ಬೆಳೆದವರಾ ಅಂತ ಕೇಳಿದರು. ಹೌದು ಅಂದೆ.

“ಹಾಗಾದ್ರೆ ನಿಮಗೆ ಗೊತ್ತಿರೋ ವಿಷಯಾನೇ” ಅಂದರು.

ಹೃದಯದ ಕೋಶಗಳು ವಠಾರದ ಮನೆಗಳ ಹಾಗೆ ಒಂದಕ್ಕೊಂದು ಗೋಡೆ ಹಂಚಿಕೊಂಡು ಕೂತಿರುತ್ತವಂತೆ. ಆ ಗೋಡೆಯಲ್ಲಿ ಸಣ್ಣ ಸಣ್ಣ ಕಿಟಕಿಗಳಿವೆ. ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ದಾಟಿಸುವ ಹಾಗೆ ಅದರಲ್ಲೇ ಸುದ್ದಿ ದಾಟುತ್ತದೆ. ಒಂದು ಮಿಡಿದರೆ ಪಕ್ಕದ್ದು ಮಿಡಿಯುತ್ತದೆ, ಅದರ ಪಕ್ಕದ್ದು, ಅದರ ಪಕ್ಕದ್ದು. ಹಾಗೆ ಇಡೀ ವಠಾರ ಒಂದೇ ಉಸಿರಿಗೆ ಮಿಡಿಯುವುದನ್ನೇ ನಾವು ಎದೆಬಡಿತ ಅನ್ನುವುದು. ಮಿದುಳಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಹೆಚ್ಚಾಗಿ ನಡುವೆ ಒಂದು ಕಿರಿದಾದ ಓಣಿ ಇರುತ್ತದೆ, ಈ ಮನೆಯವರು ಓಣಿಯಾಚೆಗೆ ಏನೋ ಎಸೆಯುತ್ತಾರೆ, ಆ ಮನೆಯವರು ಹಿಡಿಯುತ್ತಾರೆ. ಆದರೂ ಅಲ್ಲಲ್ಲಿ ಕಿಟಕಿಗಳೂ ಇವೆ. ಹೃದಯದ್ದಾಗಲಿ ಮಿದುಳಿನದ್ದಾಗಲಿ, ಸರ್ ಜೀವಮಾನವಿಡೀ ಕೆಲಸ ಮಾಡಿದ್ದು ಈ ಕಿಟಕಿಗಳ ಮೇಲೆ. ಅವು ಯಾವಾಗ ತೆರೆಯುತ್ತವೆ, ಯಾವಾಗ ಮುಚ್ಚುತ್ತವೆ, ಮುಚ್ಚು ಅಂತ ಹೇಳುವವರು ಯಾರು.

ಕೋಶವೊಂದು ಸಾಯತೊಡಗಿದರೆ ಪಕ್ಕದವು ಕಿಟಕಿ ಮುಚ್ಚಿಕೊಳ್ಳುತ್ತವೆ ಅಂತ ಒಮ್ಮೆ ಹೇಳಿದ್ದರು. ನನಗೆ ಅದು ಕೆಡುಕೆನಿಸಿತು. ಎಂಥ ನೆರೆಹೊರೆ ಸರ್ ಅದು ಅಂದೆ. ಅವರು ಬೆರಳು ಬಡಿಯುತ್ತಾ, ಮುಚ್ಚದೇ ಇದ್ದರೆ ಸಾವು ಇಡೀ ಸಾಲಿಗೆ ಹರಡುತ್ತದೆ, ಹಾಗಾಗಿ ಮುಚ್ಚುತ್ತವೆ ಅಂದರು. ಕೆಲವು ಸಲ ಅದೇ ಕಿಟಕಿಯಿಂದ ಸಹಾಯವೂ ಹೋಗುತ್ತದಂತೆ. ಯಾವಾಗ ಮುಚ್ಚುತ್ತವೆ, ಯಾವಾಗ ಸಹಾಯ ಮಾಡುತ್ತವೆ ಅಂತ ಕೇಳಿದೆ. “ಗೊತ್ತಿಲ್ಲಮ್ಮ. ಗೊತ್ತಿದ್ದಿದ್ರೆ ಇಷ್ಟೊತ್ತಿಗೆ ನಿಮ್ಮ ಅಕ್ಕನ್ನ ಕರ್ಕೊಂಡು ಎಲ್ಲಾದ್ರೂ ಟೂರ್ ಹೋಗಿರ್ತಿದ್ದೆ” ಅಂದರು.

ಟೂರ್ ಅವರು ಹೋಗಲೇ ಇಲ್ಲ. ಇಲಿಮರಿಯ ಹೃದಯದಿಂದ ತೆಗೆದ ಕೋಶಗಳನ್ನು ಗಾಜಿನ ಡಿಶ್ಶುಗಳಲ್ಲಿ ಬೆಳೆಸುತ್ತಿದ್ದರು. ಅವುಗಳನ್ನು ಇನ್‌ಕ್ಯುಬೇಟರ್ ಅನ್ನುವ ಪೆಟ್ಟಿಗೆಯಲ್ಲಿ, ನಮ್ಮ ಮೈಶಾಖದಷ್ಟೇ ಬೆಚ್ಚಗೆ ಇಡಬೇಕು. ಅವು ಕುಡಿಯುವ ದ್ರವವನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಯುಗಾದಿಯಾಗಲಿ ಗೌರಿಯಾಗಲಿ ಅವಕ್ಕೇನು ಗೊತ್ತು. ಹೋಳಿಗೆ ಬಡಿಸಿದ ಎಲೆ ಮುಂದೆಯೂ ಗಡಿಯಾರ ನೋಡಿ, ಅವಕ್ಕೆ ಊಟ ಹಾಕಿ ಬರ್ತೀನಿ ಅಂತ ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. “ನನ್ನ ಮೈಯಲ್ಲೂ ಅವೇ ಇರೋದು, ಅವುಗಳ ಯೋಗಕ್ಷೇಮಾನೂ ಒಂದ್ಸಲ ವಿಚಾರಿಸಿ” ಅಂತ ಅಕ್ಕ ಅಂದರೆ, ಸರ್ ಚಪ್ಪಲಿ ಮೆಟ್ಟುತ್ತಾ, ಅವು ಚೆನ್ನಾಗಿ ಮಾತಾಡಿಕೊಂಡಿವೆ, ಇಲ್ಲಿಗೇ ಕೇಳಿಸ್ತಿದೆ ಅನ್ನುತ್ತಿದ್ದರು.

ಒಂದು ವರ್ಷದ ಆಯುಧಪೂಜೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ಅವರ ವಿಷಯ ಹೇಳಿದ ಹಾಗಾಗುವುದಿಲ್ಲ.

ಆಗ ಅವರ ಹತ್ತಿರ ಮಂಜುಳಾ ಅಂತ ಒಬ್ಬಳು ಪಿಎಚ್‌ಡಿ ಮಾಡುತ್ತಿದ್ದಳು. ಚಾಮರಾಜನಗರದ ಕಡೆಯವಳು, ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದಳು. ಅವಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಫೆಲೋಶಿಪ್ಪಿನ ಅವಧಿ ಮುಗಿಯುತ್ತಾ ಬಂದಿತ್ತು. ಕೊನೆಯ ಪ್ರಯೋಗದ ಡಿಶ್ಶುಗಳು ಇನ್‌ಕ್ಯುಬೇಟರಿನಲ್ಲಿದ್ದವು. ಅವು ಕೈಕೊಟ್ಟರೆ ಮತ್ತೆ ಮೊದಲಿನಿಂದ ಮಾಡುವಷ್ಟು ಸಮಯ ಅವಳಿಗಿರಲಿಲ್ಲ.

ಆಯುಧಪೂಜೆಗೆ ರಜೆ, ಹಾಗಾಗಿ ಲ್ಯಾಬಿನಲ್ಲಿ ಹಿಂದಿನ ದಿನ ಸಂಜೆಯೇ ಪೂಜೆ. ಮೈಕ್ರೋಸ್ಕೋಪಿಗೆ ವಿಭೂತಿ ಕುಂಕುಮ, ಟೈಪ್‌ರೈಟರಿಗೆ ಸೇವಂತಿಗೆ, ಇನ್‌ಕ್ಯುಬೇಟರಿನ ಬಾಗಿಲಿಗೆ ಮಾವಿನೆಲೆ. ಹಿರಿಯರು ಅಂತ ಕುಂಕುಮ ಇಡುವುದೂ ಮಂಗಳಾರತಿಯೂ ಸರ್ ಕೈಯಲ್ಲೇ. ಅಟೆಂಡರ್ ಮುನಿರಾಜು ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆದ. ಎಲ್ಲರೂ ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಹೋದೆವು. ಬೀಗ ಹಾಕಿದ್ದು ಮುನಿರಾಜು.

ಮಾರನೇ ದಿನ ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿ ಗೊಂಬೆಗಳ ಮುಂದೆ ರಂಗೋಲಿ ಹಾಕುತ್ತಿದ್ದೆ. ಸರ್ ಕೆಳಗೆ ಸ್ಕೂಟರ್ ತೊಳೆಯುತ್ತಿದ್ದರು. ಫೋನ್ ಬಂತು. ಡಿಶ್ಶಿನ ದ್ರವ ಬದಲಿಸಲು ಹೋದ ಮಂಜುಳಾ, ಇನ್‌ಕ್ಯುಬೇಟರ್ ಆಫ್ ಆಗಿದೆ ಸರ್, ಒಳಗೆಲ್ಲ ತಣ್ಣಗಿದೆ ಅಂದಳಂತೆ. ಸರ್ ಸೋಪಿನ ಕೈಯಲ್ಲೇ ಹೊರಟರು. ಆ ಹುಡುಗಿ ಒಬ್ಬಳೇ ಇರ್ತಾಳೆ, ನೀನೂ ಹೋಗು ಅಂತ ಅಕ್ಕ ನನ್ನನ್ನೂ ಕಳಿಸಿದರು. ಬಾಳೆಕಂದು ಕಟ್ಟಿಕೊಂಡಿದ್ದ ಒಂದು ಆಟೋ ಸಿಕ್ಕಿತು. ದಾರಿಯುದ್ದಕ್ಕೂ ಸರ್ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರು.

ನಾವು ಹೋಗುವಷ್ಟರಲ್ಲಿ ಅಲ್ಲೊಂದು ನ್ಯಾಯ ನಡೆದುಹೋಗಿತ್ತು. ಗೋಡೆಯ ಮೇಲಿದ್ದ ಆ ಸಾಲಿನ ಮೇನ್ ಸ್ವಿಚ್ ಕೆಳಗಿಳಿದಿತ್ತು. ಆಯುಧಪೂಜೆಗೆ ಮಷೀನುಗಳನ್ನೆಲ್ಲ ನಿಲ್ಲಿಸಿ ವಿಶ್ರಾಂತಿ ಕೊಡುವುದು ಎಲ್ಲ ಕಡೆಯ ಪದ್ಧತಿ. ಕೊನೆಗೆ ಹೋದವನು ಮುನಿರಾಜು. ಅವನೇ ಭಕ್ತಿಯಿಂದ ಇಳಿಸಿದ್ದಾನೆ ಅಂತ ವಾಚ್‌ಮನ್ ತೀರ್ಮಾನ ಮಾಡಿ, ಹಿಂದಿನ ಕ್ವಾರ್ಟರ್ಸಿನಿಂದ ಅವನನ್ನು ಕರೆಸಿ ನಿಲ್ಲಿಸಿದ್ದ. ಮುನಿರಾಜು, ನಾನು ಮುಟ್ಟಿಲ್ಲ ಸಾರ್, ನಾನು ಬರೀ ಬೀಗ ಹಾಕಿದ್ದು ಅಂತ ಅದನ್ನೇ ಹೇಳುತ್ತಿದ್ದ. ಯಾರೂ ನಂಬಿದ ಹಾಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವನೇ ಇರಬೇಕೆನಿಸಿತ್ತು. ಮಂಜುಳಾ ಅವನ ಮುಖ ನೋಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ, ಡಿಶ್ಶು ಹಿಡಿದುಕೊಂಡು ನಿಂತಿದ್ದಳು. ಕಿತ್ತಳೆ ಬಣ್ಣ ಇರಬೇಕಾದ ದ್ರವ ನೇರಳೆಗೆ ತಿರುಗಿತ್ತು.

ಸರ್ ಮೊದಲು ಹೋಗಿ ನಿಂತದ್ದು ಡಿಶ್ಶಿನ ಹತ್ತಿರ ಅಲ್ಲ, ಮೇನ್ ಸ್ವಿಚ್ಚಿನ ಹತ್ತಿರ. ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು. ಸ್ವಿಚ್ಚಿನ ಹಿಡಿಯ ಮೇಲೆ ಕುಂಕುಮ ಮೆತ್ತಿದ ಬೆರಳಿನ ಗುರುತಿತ್ತು. ಪೂಜೆಯ ದಿನ ಕುಂಕುಮ ಮುಟ್ಟಿದ್ದು ಒಬ್ಬರೇ.

“ಇದು ನನ್ನ ಕೈ” ಅಂದರು ಸರ್. “ಮುನಿರಾಜು, ನೀನಲ್ಲಪ್ಪ. ನಾನು.”

ನಿಮಗೆ ನೆನಪಿದೆಯಾ ಸರ್ ಅಂತ ಮಂಜುಳಾ ಕೇಳಿದಳು. ಇಲ್ಲ, ಚೂರೂ ಇಲ್ಲ ಅಂದರು. ಅಪ್ಪನ ವರ್ಕ್‌ಶಾಪಿನಲ್ಲಿ ಮಂಗಳಾರತಿ ಆದ ಕೂಡಲೇ ಮೇನ್ ಇಳಿಸುವುದು ಇವರ ಪಾಲಿನ ಕೆಲಸವಾಗಿತ್ತಂತೆ. ವರ್ಷವೆಲ್ಲ ಕಿವಿ ಕೊರೆಯುತ್ತಿದ್ದ ಲೇತುಗಳು ಒಂದೊಂದಾಗಿ ಸುಮ್ಮನಾಗುವುದನ್ನು ಕೇಳುತ್ತಾ ನಿಲ್ಲುತ್ತಿದ್ದರಂತೆ. “ತಲೆ ಮರ್ತಿದೆ. ಕೈ ಮರ್ತಿಲ್ಲ” ಅಂದರು. ಆಮೇಲೆ ಮುನಿರಾಜುವಿನ ಎದುರು ಹೋಗಿ ಕೈಮುಗಿದರು. ಅವನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು, ಬಿಡಿ ಸಾರ್, ಕಾಫಿ ತರ್ತೀನಿ ಅಂತ ಓಡಿದ.

ಸ್ವಿಚ್ ಮೇಲೇರಿತು. ಮಂಜುಳಾ ಹೊಸ ದ್ರವ ಹಾಕಿ ಡಿಶ್ಶುಗಳನ್ನು ಒಳಗಿಟ್ಟಳು. ಇನ್ನು ಮಾಡುವಂಥದ್ದು ಏನೂ ಇರಲಿಲ್ಲ, ಕಾಯುವುದಷ್ಟೆ. ಬದುಕುತ್ವಾ ಸರ್ ಅಂತ ಅವಳು ಕೇಳಿದ್ದಕ್ಕೆ ಸರ್, ಗೊತ್ತಿಲ್ಲ ಅಂದರು. ಆ ಹೊತ್ತಿನಲ್ಲಾದರೂ ಹೂಂ ಅನ್ನಬಾರದೇ ಅಂತ ನನಗೆ ಅವರ ಮೇಲೆ ಸಿಟ್ಟು ಬಂತು. ಅವರು ಅವಳ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. ಸಂಜೆಯ ತನಕ ಅಲ್ಲಿಂದ ಏಳಲಿಲ್ಲ.

ನೋಡಿದಾಗೆಲ್ಲ ಏನೂ ಇರಲಿಲ್ಲ. ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದ ಮಂಜುಳಾ, ಒಂದು ಕೋಶ ಮಿಸುಕಿತು ಅಂದಳು. “ಕಂಡ್ಯಾ, ಅಂದ್ಕೊಂಡ್ಯಾ?” ಅಂದರು ಸರ್, ಬಹಳ ಮೆತ್ತಗೆ. ಕಂಡೆ ಸರ್, ಬನ್ನಿ ನೋಡಿ ಅಂದಳು. ಅವರು ನೋಡಿ, ನನ್ನನ್ನೂ ಕರೆದರು. ಅಷ್ಟು ವರ್ಷ ಅವುಗಳ ವಿಷಯ ಟೈಪ್ ಮಾಡಿದ್ದ ನಾನು ಅವುಗಳನ್ನು ಕಂಡದ್ದು ಅವತ್ತೇ. ಮೊದಲು ಒಂದು ಮೂಲೆಯಲ್ಲಿ ಒಂದು ಕಣ್ಣು ಮಿಟುಕಿಸಿದ ಹಾಗೆ. ಬಹಳ ಹೊತ್ತಿನ ಮೇಲೆ ದೂರದಲ್ಲಿ ಇನ್ನೊಂದು. ಒಂದೊಂದೂ ತನ್ನ ಪಾಡಿಗೆ, ತನಗೆ ತೋಚಿದ ಹಾಗೆ, ನಿದ್ದೆಯಿಂದ ಎದ್ದ ಮನೆಯವರು ಒಬ್ಬೊಬ್ಬರೇ ಬಾಗಿಲು ತೆರೆಯುವ ಹಾಗೆ. ನಾವು ಕಾಫಿ ಕುಡಿದು ಮತ್ತೆ ನೋಡುವಾಗ ಅಕ್ಕಪಕ್ಕದವು ಹೊಂದಿಕೊಂಡಿದ್ದವು. ಇನ್ನೂ ಸ್ವಲ್ಪ ಹೊತ್ತಿಗೆ ಆ ಡಿಶ್ಶಿನಲ್ಲಿದ್ದವೆಲ್ಲ ಒಟ್ಟಿಗೆ ಮಿಡಿಯುತ್ತಿದ್ದವು. ಸರ್ ಅವರ ತೋರುಬೆರಳು ಮೇಜಿನ ಮೇಲೆ ಅದೇ ಲಯದಲ್ಲಿ ಬಡಿಯುತ್ತಿತ್ತು. ಅಷ್ಟು ದಿನ ಅವರು ಬಡಿಯುತ್ತಿದ್ದದ್ದು ಏನನ್ನು ಅಂತ ಆಗ ತಿಳಿಯಿತು.

ಎಲ್ಲ ಡಿಶ್ಶುಗಳೂ ಉಳಿಯಲಿಲ್ಲ. ಮಂಜುಳಾಳ ಕೆಲಸಕ್ಕೆ ಸಾಕಾಗುವಷ್ಟು ಉಳಿದವು. ಅವಳು ಆಗ ಅತ್ತಳು. ಮುನಿರಾಜು ಪೂಜೆಯ ಕಡ್ಲೆಪುರಿ ಮಿಕ್ಕಿದ್ದನ್ನು ತಂದು ಎಲ್ಲರ ಕೈಗೂ ಹಾಕಿದ.

ಮಂಜುಳಾಳ ಪಿಎಚ್‌ಡಿ ಪ್ರಬಂಧ ಟೈಪಿಗೆ ಬಂದಾಗ ಅದರಲ್ಲಿ ಒಂದು ವಾಕ್ಯ ಸೇರಿಸಲು ಸರ್ ಹೇಳಿದರು. ಮಾರ್ಗದರ್ಶಕರ ಅಜಾಗರೂಕತೆಯಿಂದ ಒಂದು ರಾತ್ರಿ ಶಾಖ ನಿಂತಿತ್ತು, ಆಮೇಲೆ ಚೇತರಿಸಿಕೊಂಡ ಕೋಶಗಳನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿದಿದೆ ಅಂತ. ಬೇಡ ಸರ್, ಕರೆಂಟ್ ಹೋಗಿತ್ತು ಅಂತ ಹಾಕೋಣ, ಪರೀಕ್ಷಕರು ನಗ್ತಾರೆ ಅಂತ ಮಂಜುಳಾ ಎಷ್ಟೋ ಬೇಡಿಕೊಂಡಳು. “ನಗಲಿ. ಕರೆಂಟ್ ಹೋಗಿರ್ಲಿಲ್ವಲ್ಲ” ಅಂದರು. ಪರೀಕ್ಷಕರು ನಗಲಿಲ್ಲವಂತೆ. ಆ ಪುಟ ಬಂದಾಗ ಪುಸ್ತಕದಿಂದ ಕಣ್ಣೆತ್ತಿ ಸರ್ ಮುಖ ನೋಡಿ, ಮುಂದಿನ ಪುಟಕ್ಕೆ ಹೋದರಂತೆ.

ಮುಂದಿನ ವರ್ಷದಿಂದ ನಮ್ಮ ಲ್ಯಾಬಿನಲ್ಲಿ ಹೊಸ ಪದ್ಧತಿ ಬಂತು. ಮಂಗಳಾರತಿ ಸರ್ ಕೈಯಲ್ಲೇ, ಆದರೆ ಮುಗಿದ ಕೂಡಲೇ ಮುನಿರಾಜು ಅವರ ಎರಡೂ ಕೈಗೆ ಪ್ರಸಾದ ತುಂಬಿ, ಮೇನ್ ಸ್ವಿಚ್ಚಿನ ಮುಂದೆ ತಾನು ನಿಂತುಕೊಳ್ಳುತ್ತಿದ್ದ.

ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಸರ್, ಗಾಂಧಿಬಜಾರಿನಲ್ಲಿ ಅವರೆಕಾಯಿ ಆರಿಸುತ್ತಿದ್ದವರು ಹಾಗೇ ಕುಸಿದರು. ಹೃದಯದಲ್ಲಿ ಸುದ್ದಿ ದಾಟುವ ದಾರಿಯೇ ಹಾಳಾಗಿದೆ ಅಂತ ಡಾಕ್ಟರು ಪೇಸ್‌ಮೇಕರ್ ಹಾಕಿದರು. ನಾನು ನೋಡಲು ಹೋದಾಗ ಬಹಳ ಉಲ್ಲಾಸದಲ್ಲಿದ್ದರು. ಊರಿನವರ ಕಿಟಕಿ ಎಲ್ಲ ನೋಡಿಕೊಂಡು ಕೂತಿದ್ದೆ, ನಮ್ಮನೆಯ ಫ್ಯೂಸ್ ಹೋದದ್ದು ಗೊತ್ತಾಗಲಿಲ್ಲ ಅಂದರು. ಇದು ಬರೀ ಕರೆಯುವ ಯಂತ್ರ, ಓಗೊಡುವುದು ಇನ್ನೂ ನನ್ನ ಹೃದಯವೇ ಅಂತ ಅಕ್ಕನಿಗೆ ವಿವರವಾಗಿ ಹೇಳಿಕೊಟ್ಟಿದ್ದರು. ಆ ವರ್ಷದ ಆಯುಧಪೂಜೆಗೆ ಅಕ್ಕ ಮಿಕ್ಸಿಗೆ, ಹೊಲಿಗೆ ಮಷೀನಿಗೆ ಕುಂಕುಮ ಇಟ್ಟು, ಕೊನೆಗೆ ಅವರ ಬನಿಯನ್ ಸರಿಸಿ ಎದೆಯ ಮೇಲೂ ಒಂದು ಬೊಟ್ಟು ಇಟ್ಟರು. “ಇದರ ಮೇನ್ ಮಾತ್ರ ಇಳಿಸ್ಬೇಡಿ” ಅಂದರು. ಸರ್ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಆಮೇಲೆ ಪ್ರತಿ ವರ್ಷ ಹೀಗೆಯೇ ನಡೆಯಿತು.

ಅಕ್ಕ ಆ ಯಂತ್ರವನ್ನು ಕಿವಿಗಿಟ್ಟುಕೊಂಡು ಕೂರುತ್ತಿದ್ದದ್ದು ಯಾಕೆ ಅಂತ ಹೇಳಲು ಇಷ್ಟೆಲ್ಲ ಬರೆಯಬೇಕಾಯಿತು.

ಮಂಜುಳಾ ಈಗ ತನ್ನದೇ ಒಂದು ಲ್ಯಾಬ್ ನಡೆಸುತ್ತಾಳೆ. ಕಾರ್ಯಗಳಿಗೆಲ್ಲ ಬಂದಿದ್ದಳು. ಡಬ್ಬಿಯ ವಿಷಯ ನಾನೇ ಅವಳಿಗೆ ತಿಳಿಸಿದೆ. ಪೇಸ್‌ಮೇಕರ್ ಹಾಕಿದ ಡಾಕ್ಟರ ಪರಿಚಯ ಅವಳಿಗಿತ್ತು. ಅದನ್ನು ಒಂದು ಸಲ ನನ್ನ ಕೈಗೆ ಕೊಡಿ ಅಮ್ಮ, ಅದರೊಳಗೆ ಏನು ಉಳಿದಿದೆ ಅಂತ ಓದಿಸಬಹುದು ಅಂದಳು. ಅಕ್ಕ ಕೊಡಲಿಲ್ಲ. ಅದನ್ನು ಬಿಟ್ಟಿರಲು ಒಂದು ಭಯ, ಅದು ಏನು ಹೇಳಿಬಿಡುತ್ತದೋ ಅಂತ ಇನ್ನೊಂದು ಭಯ. ಪಿತೃಪಕ್ಷ ಕಳೆದ ಮೇಲೆ ಒಂದು ದಿನ ತಾವೇ ಫೋನ್ ಮಾಡಿ, ಬಂದು ತಗೊಂಡು ಹೋಗು ಅಂದರು.

ಮಂಜುಳಾ ವಾಪಸು ತಂದದ್ದು ಈ ಸಲದ ಆಯುಧಪೂಜೆಯ ದಿನ. ಬೇಕೆಂದು ಅಲ್ಲ, ಅವಳಿಗೆ ಅವತ್ತೇ ರಜೆ. ವರ್ಷ ತುಂಬದ ಮನೆ, ಹಬ್ಬ ಇಲ್ಲ. ಗೊಂಬೆಗಳು ಅಟ್ಟದ ಪೆಟ್ಟಿಗೆಯಲ್ಲೇ ಇದ್ದವು. ಬೀದಿಯಲ್ಲಿ ಆಟೋಗಳ ಹಾರನ್ನು, ಕುಂಬಳಕಾಯಿ ಒಡೆಯುವ ಸದ್ದು. ನಾನು ಅನ್ನ ಸಾರು ಮಾಡಿದ್ದೆ, ಅಕ್ಕನಿಗೆ ಸೇರಿರಲಿಲ್ಲ. ಮಂಜುಳಾ ಬಂದವಳೇ ಕುರ್ಚಿ ಬಿಟ್ಟು ನೆಲದ ಮೇಲೆ ಅಕ್ಕನ ಎದುರಿಗೆ ಕೂತಳು.

“ಅಮ್ಮ, ಕಂಡಿದ್ದು ಬೇರೆ, ಅಂದ್ಕೊಂಡಿದ್ದು ಬೇರೆ. ಮೊದಲು ಕಂಡಿದ್ದು ಹೇಳ್ತೀನಿ” ಅಂದಳು.

ಅಕ್ಕ ತಲೆಯಾಡಿಸಿದರು.

ಮೈ ಅಲ್ಲಾಡಿದರೆ ಆ ಯಂತ್ರಕ್ಕೆ ತಿಳಿಯುತ್ತದಂತೆ. ಊಟವಾದ ಮೇಲೆ ಸರ್ ಮಲಗಿದ್ದಾರೆ. ಆಮೇಲೆ ಏಳಲಿಲ್ಲ, ಹೊರಳಾಡಲಿಲ್ಲ. ಹೃದಯ ದಿನಾ ಮಧ್ಯಾಹ್ನ ನಿದ್ದೆಯಲ್ಲಿ ಹೇಗೆ ಮಿಡಿಯುತ್ತಿತ್ತೋ ಹಾಗೆಯೇ ಮಿಡಿಯುತ್ತಿತ್ತು. ಕೊನೆಗೆ ಒಂದೇ ಸಲಕ್ಕೆ ಲಯ ತಪ್ಪಿದೆ. ಅದಕ್ಕೂ ಮೊದಲು ಯಾವ ಸೂಚನೆಯೂ ಇಲ್ಲ. ಡಾಕ್ಟರು ಅದನ್ನು ಅವಳಿಗೆ ಪರದೆಯ ಮೇಲೆ ತೋರಿಸಿದರು, ಅವಳು ಕಣ್ಣಾರೆ ನೋಡಿದಳು. ಹಾಗೆ ಲಯ ತಪ್ಪಿದಾಗ ಕ್ಷಣಗಳಲ್ಲೇ ಎಚ್ಚರ ಹೋಗುತ್ತದೆ. ನಿದ್ದೆಯಲ್ಲಿದ್ದವರಿಗೆ ಕಣ್ಣು ಬಿಡುವುದಕ್ಕೂ ಪುರುಸೊತ್ತಿರುವುದಿಲ್ಲ. ಇಷ್ಟು ಹೇಳಿ ಮಂಜುಳಾ ನಿಲ್ಲಿಸಿದಳು.

“ಇನ್ನು ಅಂದ್ಕೊಂಡಿದ್ದು...” ಅಂತ ಶುರು ಮಾಡಿದಳು.

“ಅದು ಬೇಡ ಮಗಳೆ” ಅಂದರು ಅಕ್ಕ. “ಕಂಡಿದ್ದೇ ಸಾಕು.”

ಆಮೇಲೆ ಅಕ್ಕ ಡಬ್ಬಿ ತೆರೆದು ಅದನ್ನು ಅಂಗೈಯಲ್ಲಿಟ್ಟುಕೊಂಡು, ಇದು ಈಗಲೂ ಕರೀತಾ ಇದೆಯಾ ಅಂತ ಕೇಳಿದರು. ಇಲ್ಲ ಅಮ್ಮ, ಡಾಕ್ಟರು ನನ್ನ ಎದುರಿಗೇ ನಿಲ್ಲಿಸಿದರು ಅಂದಳು ಮಂಜುಳಾ.

“ಅಂತೂ ಮೇನ್ ಇಳಿಸ್ಬಿಟ್ಟೆ ಅನ್ನು” ಅಂದರು ಅಕ್ಕ. ಅವರ ಮುಖದಲ್ಲಿ ನಗು ಕಂಡೆ. ಅಂದುಕೊಂಡದ್ದಲ್ಲ, ಕಂಡೆ.

ಮತ್ತೆ ಬಡಿಸಿದಾಗ ಅವರು ಒಂದು ತುತ್ತು ಜಾಸ್ತಿಯೇ ಊಟ ಮಾಡಿದರು. ಸೆಕೆ ಅಂತ ತಾವೇ ಎದ್ದು ಕಿಟಕಿ ತೆರೆದರು. ಸರ್ ಮಲಗುತ್ತಿದ್ದ ಮಂಚದ ಮೇಲೆ ಸುಮ್ಮನೆ ಬೆನ್ನು ಚಾಚುತ್ತೇನೆ ಅಂದವರು, ನಾವಿಬ್ಬರೂ ಪಾತ್ರೆ ತೊಳೆದು ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ಗೊರಕೆ ಸಣ್ಣಗೆ ಬರುತ್ತಿತ್ತು. ಮಂಜುಳಾ ಬಾಗಿಲಲ್ಲಿ ನಿಂತು, ಅಭ್ಯಾಸಬಲವೋ ಏನೋ, ಅವರ ಉಸಿರು ಏರಿಳಿಯುವುದನ್ನು ನೋಡುತ್ತಿದ್ದಳು.

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಸೊಪ್ಪಿನಾಕೆಯ ಕೂಗು ಕೇಳಿಸಿತು. ಮಂಜುಳಾ ಕಿಟಕಿಯ ಕಡೆ ಕೈ ಚಾಚಿದಳು. ಬೇಡ ಅಂತ ಸನ್ನೆ ಮಾಡಿದೆ. ಕೂಗು ಹತ್ತಿರ ಬಂತು, ಕಿಟಕಿಯ ಕೆಳಗೇ ಬಂತು. ಅಕ್ಕ ಮಗ್ಗುಲು ಬದಲಿಸಿದರು, ಎಚ್ಚರವಾಗಲಿಲ್ಲ.

ನಾನು ಚೀಲ ತೆಗೆದುಕೊಂಡು, ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಗದ ಹಾಗೆ ಕೆಳಗಿಳಿದೆ. ಗಾಡಿ ನಿಲ್ಲಿಸಿಕೊಂಡು ಮೇಲೆ ನೋಡುತ್ತಿದ್ದ ಆಕೆ, ಅಮ್ಮಾವ್ರು ಚೆನ್ನಾಗಿದಾರಾ, ಎಷ್ಟು ದಿನ ಆಯ್ತು ಕಂಡು ಅಂತ ಕೇಳಿದಳು. ಚೆನ್ನಾಗಿದಾರೆ, ಮಲಗಿದಾರೆ ಅಂದೆ. ಮೆಂತ್ಯದ ಕಟ್ಟು ಆರಿಸಿಕೊಂಡೆ.